ಎಷ್ಟು ಮಂದಿ ಇದ್ದರು?

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ದರ್ಶನ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರಿದ್ದರು. ಹೆಂಗಸರು, ಮಕ್ಕಳು, ಕಡಲನ್ನು ನೋಡುವ ಉಮೇದಿನಲ್ಲಿ ಬಂದಿದ್ದ ಬಯಲುಸೀಮೆಯ ಜನ. ದೋಣಿಯಲ್ಲಿ ಅದು ಹೊರಬಹುದಾದುದಕ್ಕಿಂತ ಹೆಚ್ಚು ಜನ ಹತ್ತಿದ್ದರೆಂದು ಪತ್ರಿಕೆಗಳು ಬರೆದವು. ಆದರೆ ಹತ್ತಿದವರು ಎಷ್ಟು ಮಂದಿ ಎಂಬುದಕ್ಕೆ ಮೊದಲ ದಿನ ಒಂದೊಂದು ವರದಿಯಲ್ಲಿ ಒಂದೊಂದು ಸಂಖ್ಯೆಯಿತ್ತು. ಎಷ್ಟು ಜನ ಬದುಕಿದರು, ಎಷ್ಟು ಜನ ಸತ್ತರು ಎಂದು ತಿಳಿಯಬೇಕಾದರೆ ಮೊದಲು ಎಷ್ಟು ಜನ ಇದ್ದರು ಎಂದು ತಿಳಿದಿರಬೇಕಲ್ಲವೇ?

ಈ ಪ್ರಶ್ನೆ ಹೊಸದಲ್ಲ. ಕಡಲಿನಿಂದ ದೂರವಿರುವ ಗದಗ ಸೀಮೆಯ ಜನರಿಗೂ ಇದು ಹೊಸದಲ್ಲ. ಈ ಎರೆಭೂಮಿಯ ಜನ ಒಂದು ಕಾಲದಲ್ಲಿ ಹಡಗು ಹತ್ತುತ್ತಿದ್ದರು. ಅದು ವಿಹಾರಕ್ಕಲ್ಲ, ಹಜ್ಜ್ ಯಾತ್ರೆಗೆ. ಆ ಯಾತ್ರೆಯ ಇತಿಹಾಸದಲ್ಲಿ ದೇವರ ಹೆಸರು ಎಷ್ಟು ಸಲ ಬರುತ್ತದೆಯೋ ಚದರ ಅಡಿಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಸಲ ಬರುತ್ತದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಜನ ಕಂಡಿದ್ದ ನೀರಿನ ವಾಹನವೆಂದರೆ ತುಂಗಭದ್ರೆಯ ಹರಿಗೋಲು. ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಬುಟ್ಟಿ. ನೀರು ಅಂಚಿಗೆ ಎಷ್ಟು ಹತ್ತಿರ ಬಂದಿದೆ ಎಂದು ನೋಡಿ ಅಂಬಿಗ ‘ಇನ್ನ ಸಾಕು’ ಎನ್ನುತ್ತಿದ್ದ. ಅಲ್ಲಿ ಕಾನೂನಿರಲಿಲ್ಲ, ಆದರೆ ಮುಳುಗಿದರೆ ಅಂಬಿಗನೂ ಜೊತೆಗೇ ಮುಳುಗುತ್ತಿದ್ದ. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಾಲ್ಕೂ ಊರುಗಳು ಇಂದು ಒಂದೇ ಜಿಲ್ಲೆಯಲ್ಲಿವೆ. ಅಂದು ಹಾಗಿರಲಿಲ್ಲ. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದರೆ ಲಕ್ಷ್ಮೇಶ್ವರ ಹಿರಿಯ ಮೀರಜ್ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ ಸೇರಿದ್ದವು. ಆದರೆ ಎಲ್ಲರ ಕಡಲಿನ ಬಾಗಿಲು ಮುಂಬಯಿಯೇ. ರೈಲು ಬರುವ ಮೊದಲು ಈ ಸೀಮೆಯ ಅರಳೆ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. 1884ರಲ್ಲಿ ಹೊಟಗಿಯಿಂದ ಗದಗಿಗೆ ಸದರ್ನ್ ಮರಾಠಾ ಕಂಪೆನಿಯ ರೈಲು ಬಂತು. ಅರಳೆಯೂ ಯಾತ್ರಿಕರೂ ಅದೇ ಹಳಿಯ ಮೇಲೆ ಮುಂಬಯಿಯ ಕಡೆಗೆ ಸಾಗಿದರು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ದಾರಿ ಬಡವರ ಕೈಗೂ ಎಟುಕತೊಡಗಿತು. ಹೊರಡುವ ಮುನ್ನ ಊರಿನ ಮನೆಮನೆಗೆ ಹೋಗಿ, ಹಿಂದೂ ಮುಸ್ಲಿಮ್ ಎನ್ನದೆ, ‘ತಪ್ಪಾಗಿದ್ದರೆ ಮಾಫ್ ಮಾಡಿರಿ’ ಎಂದು ಕೇಳಿಕೊಂಡು ಹೊರಡುವುದು ಪದ್ಧತಿ. ತಿರುಗಿ ಬರುವ ಭರವಸೆ ಯಾರಿಗೂ ಇರುತ್ತಿರಲಿಲ್ಲ. ಆ ಮಾತಿನಲ್ಲಿ ಭಕ್ತಿ ಎಷ್ಟಿತ್ತೋ ಹಡಗಿನ ಬಗೆಗಿನ ತಿಳಿವಳಿಕೆಯೂ ಅಷ್ಟೇ ಇತ್ತು ಎನ್ನಬೇಕು.

ಉಗಿಹಡಗುಗಳು ಬಂದ ಮೇಲೆ ಹಜ್ಜ್ ಒಂದು ದೊಡ್ಡ ವ್ಯಾಪಾರವೂ ಆಯಿತು. ವರ್ಷದ ಉಳಿದ ತಿಂಗಳು ಅಕ್ಕಿ, ಕಲ್ಲಿದ್ದಲು ಹೊರುತ್ತಿದ್ದ ಹಳೆಯ ಹಡಗುಗಳನ್ನು ಹಜ್ಜ್ ಕಾಲದಲ್ಲಿ ಬಾಡಿಗೆಗೆ ಹಿಡಿದು ಜನರನ್ನು ತುಂಬುತ್ತಿದ್ದರು. ದಲ್ಲಾಳಿಗೆ ತಲೆಗಿಷ್ಟು ಎಂದು ಕಮಿಷನ್. ಸರಕಿಗೆ ಹೋಲಿಸಿದರೆ ಮನುಷ್ಯ ಲಾಭದ ಮಾಲು, ತಾನೇ ನಡೆದುಕೊಂಡು ಹತ್ತುತ್ತಾನೆ, ತಾನೇ ಇಳಿಯುತ್ತಾನೆ. 1870-80ರ ದಶಕಗಳಲ್ಲಿ ಬ್ರಿಟಿಷ್ ಭಾರತದ ಕಾಯ್ದೆ ಡೆಕ್ಕಿನ ಪ್ರಯಾಣಿಕನೊಬ್ಬನಿಗೆ ಕೊಟ್ಟಿದ್ದ ಜಾಗ 9 ಚದರ ಅಡಿ. ಎಂದರೆ ಆರಡಿ ಉದ್ದ, ಒಂದೂವರೆ ಅಡಿ ಅಗಲ. ನಮಾಜಿನ ಚಾಪೆಗಿಂತ ಒಂದು ಗೇಣು ಹೆಚ್ಚೋ ಕಡಿಮೆಯೋ. ಅವನ ಗಂಟುಮೂಟೆ, ನೀರಿನ ಪಾತ್ರೆ, ಅಡುಗೆಯ ಒಲೆ ಇವುಗಳ ನಡುವೆಯೇ ಅವನ ನಿದ್ದೆ, ವಾಂತಿ, ಕಾಯಿಲೆ ಎಲ್ಲವೂ.

ಮಕ್ಕಳ ಲೆಕ್ಕ ಇನ್ನೂ ವಿಚಿತ್ರ. ಒಂದು ವರ್ಷ ತುಂಬಿದ, ಹನ್ನೆರಡು ತುಂಬದ ಇಬ್ಬರು ಮಕ್ಕಳು ಸೇರಿದರೆ ಒಬ್ಬ ಡೆಕ್ ಪ್ರಯಾಣಿಕ. ವರ್ಷ ತುಂಬದ ಕೂಸು ಲೆಕ್ಕಕ್ಕೇ ಇಲ್ಲ. ಇದು ಯಾವುದೋ ಹಳೆಯ ಕಾಲದ ಕ್ರೂರ ನಿಯಮವೆಂದು ತಳ್ಳಿಹಾಕಬೇಡಿ, ಸ್ವತಂತ್ರ ಭಾರತದ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಲ್ಲೂ ಡೆಕ್ಕಿನ ಪ್ರಯಾಣಿಕರನ್ನು ಎಣಿಸುವ ಬಗೆ ಇದೇ ಆಗಿತ್ತು.

ಕಾಯ್ದೆ ಕೊಟ್ಟ ಇಷ್ಟು ಜಾಗವೂ ಹಲವು ಹಡಗುಗಳಲ್ಲಿ ಸಿಗುತ್ತಿರಲಿಲ್ಲ. ಇಂಥ ಹಡಗುಗಳ ಬಗ್ಗೆ ಜಗತ್ತು ಮಾತಾಡುವಂತಾದದ್ದು 1880ರಲ್ಲಿ, ‘ಜಿದ್ದಾ’ ಎಂಬ ಹಡಗಿನಿಂದ. ಅದು ಮುಂಬಯಿಯದಲ್ಲ, ಸಿಂಗಾಪುರ ಮತ್ತು ಪಿನಾಂಗ್‌ಗಳಿಂದ ಹೊರಟದ್ದು. ಆದರೆ ಮುಂಬಯಿಯ ಹಡಗುಗಳು ಏಡನ್ ಕಡೆಗೆ ಸಾಗುತ್ತಿದ್ದ ಕಡಲಲ್ಲೇ ಅದೂ ಹೋಗುತ್ತಿತ್ತು. ಹೆಂಗಸರು, ಮಕ್ಕಳೂ ಸೇರಿ 950ರ ಆಸುಪಾಸು ಯಾತ್ರಿಕರಿದ್ದರು. ಇಲ್ಲಿಯೂ ಒಂದು ದಾಖಲೆಯ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ. ಬಿರುಗಾಳಿಯಲ್ಲಿ ಬಾಯ್ಲರುಗಳು ಸಡಿಲಗೊಂಡು ನೀರು ಒಳನುಗ್ಗಿತು. ಯಾತ್ರಿಕರು ಹಗಲೂ ರಾತ್ರಿ ನೀರು ಮೊಗೆದು ಹಾಕುತ್ತಿದ್ದರು. ಆಗಸ್ಟ್ 8ರ ರಾತ್ರಿ ಕಪ್ತಾನ ತನ್ನ ಹೆಂಡತಿ ಮತ್ತು ಯುರೋಪಿಯನ್ ಅಧಿಕಾರಿಗಳೊಂದಿಗೆ ದೋಣಿಯಿಳಿದು ಹೊರಟುಹೋದ. ಇನ್ನೊಂದು ಹಡಗು ಅವರನ್ನು ಎತ್ತಿಕೊಂಡು ಏಡನ್‌ಗೆ ತಂದಿತು. ಹಡಗು ಮುಳುಗಿತು, ಯಾತ್ರಿಕರೆಲ್ಲ ಹೋದರು ಎಂದು ಅವರು ಅಲ್ಲಿ ಹೇಳಿದರು. ಮರುದಿನವೇ ‘ಆಂಟಿನರ್’ ಎಂಬ ಹಡಗು ‘ಜಿದ್ದಾ’ವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು. ಯಾತ್ರಿಕರು ಜೀವಂತವಾಗಿದ್ದರು, ನೀರು ಮೊಗೆಯುತ್ತಲೇ ಇದ್ದರು. ಕಪ್ತಾನನಿಗಾದ ಶಿಕ್ಷೆ ಮೂರು ವರ್ಷ ಪ್ರಮಾಣಪತ್ರದ ಅಮಾನತು.

ಈ ಘಟನೆಯನ್ನು ಆಧರಿಸಿ ಜೋಸೆಫ್ ಕಾನ್ರಾಡ್ 1900ರಲ್ಲಿ ‘ಲಾರ್ಡ್ ಜಿಮ್’ ಕಾದಂಬರಿ ಬರೆದ. ಅದು ಓಡಿಹೋದ ಅಧಿಕಾರಿಯ ಆತ್ಮಸಾಕ್ಷಿಯ ಕಥೆ, ನೀರು ಮೊಗೆದವರದ್ದಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ‘ಜಿದ್ದಾ’ ಹಡಗಿನ ಮಾಲಿಕತ್ವ ಸಿಂಗಾಪುರದ ಅರಬ್ ಮುಸ್ಲಿಮ್ ವರ್ತಕ ಮನೆತನವಾದ ಅಲ್‌ಸಗೋಫ್‌ರ ಕಂಪೆನಿಯದು. ಕಪ್ತಾನ ಬಿಳಿಯ, ಮಾಲಿಕ ನಮ್ಮವ, ಒಳಗೆ ತುಂಬಿಸಿಕೊಂಡವರು ಬಡವರು. ಹಡಗಿನ ಲೋಭಕ್ಕೆ ಧರ್ಮ ಇರಲಿಲ್ಲ.

ಹಾಗಾದರೆ ಸರಕಾರ ಜಾಗವನ್ನು ಹೆಚ್ಚಿಸಬಾರದಿತ್ತೇ? ಇಲ್ಲಿ ವಿಷಯ ತೊಡಕಾಗುತ್ತದೆ. 1865ರ ಹಜ್ಜ್‌ನಲ್ಲಿ ಕಾಲರಾ ಹಬ್ಬಿ ಸುಮಾರು 15,000 ಯಾತ್ರಿಕರು ಸತ್ತರೆಂದು ಅಂದಾಜು. ಅದು ಅಲ್ಲಿಂದ ಯುರೋಪಿಗೂ ದಾಟಿತು. ಯುರೋಪಿನ ಸರಕಾರಗಳು 1866ರಲ್ಲಿ ಇಸ್ತಾಂಬುಲಿನಲ್ಲಿ ಸಮ್ಮೇಳನ ಸೇರಿದವು. ಅವರ ಆತಂಕವಿದ್ದದ್ದು ಯಾತ್ರಿಕನ ಜೀವದ ಬಗ್ಗೆ ಅಲ್ಲ, ಅವನು ಹೊತ್ತು ತರುವ ರೋಗದ ಬಗ್ಗೆ. 1882ರಲ್ಲಿ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ತುರ್ಕರು ಕ್ವಾರಂಟೈನ್ ಠಾಣೆ ತೆರೆದರು. ಭಾರತದ ಹಡಗುಗಳೆಲ್ಲ ಅಲ್ಲಿ ನಿಂತು, ಜನರನ್ನು ಇಳಿಸಿ, ಬಟ್ಟೆಬರೆಗಳನ್ನು ಉಗಿಗೆ ಹಾಕಿಸಿ, ದಿನಗಟ್ಟಲೆ ಕಾಯಬೇಕಾಯಿತು. ಅದು 1952ರವರೆಗೂ ನಡೆಯಿತು. ಆದರೆ ಯಾತ್ರಿಕನ ಜಾಗವನ್ನು ಹೆಚ್ಚಿಸಬೇಕೆಂಬ ಒತ್ತಾಯ ಬಂದಾಗಲೆಲ್ಲ ಭಾರತ ಸರಕಾರ ಹಿಂದೇಟು ಹಾಕಿತು. ಜಾಗ ಹೆಚ್ಚಿದರೆ ಟಿಕೇಟಿನ ದರ ಏರುತ್ತದೆ, ಬಡ ಮುಸ್ಲಿಮನ ಹಜ್ಜ್ ತಪ್ಪುತ್ತದೆ, ಅವನು ಸಿಟ್ಟಾಗುತ್ತಾನೆ ಎಂಬುದು ಅದರ ವಾದ.

ಈ ವಾದ ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಅಷ್ಟು ಕಾಲ ಬಾಳಿತು. ಮುಂಡರಗಿಯ ರೈತನೊಬ್ಬ ಹತ್ತಿ ಮಾರಿದ ಹಣ ಕೂಡಿಟ್ಟು, ಹೆಂಡತಿಯನ್ನೂ ಮುದಿ ತಾಯಿಯನ್ನೂ ಕರೆದುಕೊಂಡು ಹೊರಟಿದ್ದಾನೆ ಎಂದು ಭಾವಿಸಿ. ಅಗಲವಾದ ಜಾಗ ಬೇಕೋ, ತಾಯಿ ಜೊತೆಗೆ ಬರಬೇಕೋ ಎಂದು ಕೇಳಿದರೆ ಅವನ ಉತ್ತರ ಏನೆಂದು ಹೇಳಬೇಕಾಗಿಲ್ಲ. ಇಕ್ಕಟ್ಟನ್ನು ಅವನೇ ಒಪ್ಪಿಕೊಂಡ ಎಂದು ಹೇಳುವುದು ಸುಲಭ. ಆದರೆ ಹಡಗಿನವರು ಕಡಿಮೆ ಲಾಭಕ್ಕೆ ಒಪ್ಪಬಹುದೇ ಎಂದು ಆ ಕಾಲದ ಕಡತಗಳಲ್ಲಿ ಯಾರಾದರೂ ಗಟ್ಟಿಯಾಗಿ ಕೇಳಿದಂತೆ ಕಾಣುವುದಿಲ್ಲ.

ಕುತೂಹಲದ ಸಂಗತಿಯೊಂದಿದೆ. ಹಜ್ಜ್ ಪ್ರಯಾಣದ ಗೊಂದಲ ಸರಿಪಡಿಸಲು ಸರಕಾರ 1886ರಲ್ಲಿ ಥಾಮಸ್ ಕುಕ್ ಕಂಪೆನಿಯನ್ನು ಕರೆಯಿತು. ಶ್ರೀಮಂತ ಆಂಗ್ಲ ಕುಟುಂಬಗಳನ್ನು ನೈಲ್ ನದಿಯಲ್ಲಿ ಸ್ಟೀಮರ್ ವಿಹಾರಕ್ಕೆ ಕರೆದೊಯ್ಯುತ್ತಿದ್ದ ಅದೇ ಕುಕ್. ರೈಲು ಮತ್ತು ಹಡಗು ಸೇರಿದ ಟಿಕೇಟು, ದಲ್ಲಾಳಿಗಳಿಂದ ಬಿಡುಗಡೆ ಎಲ್ಲ ಆಲೋಚನೆ ಚೆನ್ನಾಗಿತ್ತು. ಲಾಭ ಬರಲಿಲ್ಲ. 1890ರ ದಶಕದ ಮಧ್ಯದ ಹೊತ್ತಿಗೆ ಕಂಪೆನಿ ಕೈತೊಳೆದುಕೊಂಡಿತು. ವಿಹಾರದ ಹಡಗನ್ನೂ ಬಡವನ ಹಡಗನ್ನೂ ಒಂದೇ ಕಚೇರಿ ನಡೆಸಿ ನೋಡಿದ ಸಂದರ್ಭ ಇದು. ಉಳಿದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

1926ರ ಅಂತಾರಾಷ್ಟ್ರೀಯ ನೈರ್ಮಲ್ಯ ಒಪ್ಪಂದದಲ್ಲಿ ಪ್ರತಿ ಯಾತ್ರಿಕನಿಗೆ 16 ಚದರ ಅಡಿ ಎಂದು ಬರೆಯಲಾಯಿತು. ಅದರ ಜೊತೆಗಿದ್ದ ಒಂದು ಪುಟ್ಟ ಮಾತು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ‘ವಯಸ್ಸು ಎಷ್ಟೇ ಇರಲಿ.’ ಯಾತ್ರೆಯ ಹಡಗಿನಲ್ಲಿ ಮಗು ಕಾಗದದ ಮೇಲಾದರೂ ಇಡೀ ಮನುಷ್ಯನಾಯಿತು.

ಮುಂದಿನ ಕಥೆ ಹಲವರಿಗೆ ಗೊತ್ತು. 1877ರಲ್ಲಿ ಹುಟ್ಟಿದ ಬಾಂಬೆ ಅಂಡ್ ಪರ್ಷಿಯಾ ಕಂಪೆನಿ 1938ರಲ್ಲಿ ಮೊಗಲ್ ಲೈನ್ ಆಯಿತು, ಸ್ವಾತಂತ್ರ್ಯದ ನಂತರ ಸರಕಾರದ ಕೈಗೆ ಬಂತು. ‘ಮೊಹಮ್ಮದಿ’, ‘ಮುಝಫ್ಫರಿ’, ‘ಅಕ್ಬರ್’ ಮೊದಲಾದ ಹೆಸರುಗಳು ಹಳೆಯ ಹಾಜಿಗಳ ಬಾಯಲ್ಲಿ ಊರಿನ ಹೆಸರುಗಳಂತೆ ಬರುತ್ತಿದ್ದವು. ಮುಂಬಯಿಯ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆ, ಬಂದರಿನ ಉದ್ದನೆಯ ಸಾಲು, ಯಲಮ್‌ಲಮ್ ಹತ್ತಿರ ಬಂದಾಗ ಡೆಕ್ಕಿನ ಮೇಲೆ ಒಮ್ಮೆಗೇ ಬಿಳಿಯಾಗುವ ಇಹ್ರಾಮಿನ ಬಟ್ಟೆಗಳು. ಇಕ್ಕಟ್ಟು ಆಗಲೂ ಇತ್ತು. ಆದರೆ ಪ್ರತಿಯೊಬ್ಬನ ಹೆಸರು ಪಟ್ಟಿಯಲ್ಲಿತ್ತು, ವೈದ್ಯನಿದ್ದ, ಸತ್ತರೆ ಕಡಲಿಗೆ ಒಪ್ಪಿಸುವ ಮುನ್ನ ಜನಾಝಾ ನಮಾಜಿತ್ತು. 1995ರಲ್ಲಿ ಹಡಗಿನ ಹಜ್ಜ್ ನಿಂತುಹೋಯಿತು.

ಹಜ್ಜ್ ಹಡಗಿಗೆ ಬಂದ ಈ ಶಿಸ್ತು ಅದರ ಪಕ್ಕದಲ್ಲೇ ಓಡುತ್ತಿದ್ದ ಚಿಕ್ಕ ಹಡಗುಗಳಿಗೆ ಬರಲಿಲ್ಲ. 1947ರ ಜುಲೈ 17, ಆಷಾಢ ಅಮಾವಾಸ್ಯೆ. ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಇರಲಿಲ್ಲ. ಮುಂಬಯಿಯ ಭಾವೂಚಾ ಧಕ್ಕೆಯಿಂದ ರೇವಸ್‌ಗೆ ಹೊರಟ ‘ರಾಮದಾಸ್’ ಸ್ಟೀಮರಿನಲ್ಲಿ ಹಬ್ಬಕ್ಕೆ ಊರಿಗೆ ಹೊರಟ ಜನ ತುಂಬಿದ್ದರು. ಅಲೆಗೆ ಹೆದರಿ ಎಲ್ಲರೂ ಒಂದೇ ಮಗ್ಗುಲಿಗೆ ಸರಿದರು, ಹಡಗು ವಾಲಿ ಮುಳುಗಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಹಡಗಿನಲ್ಲಿ ವೈರ್‌ಲೆಸ್ ಇರಲಿಲ್ಲ. ಮುಂಬಯಿಗೆ ಕೂಗಳತೆಯ ದೂರದಲ್ಲಿ ನಡೆದದ್ದು ಮುಂಬಯಿಗೆ ಗೊತ್ತಾಗುವ ಹೊತ್ತಿಗೆ ಗಂಟೆಗಳು ಕಳೆದಿದ್ದವು. ಸತ್ತವರ ಸಂಖ್ಯೆ ಇಂದಿಗೂ ಒಂದೊಂದು ಕಡೆ ಒಂದೊಂದು.

ಒಂದೇ ಮಗ್ಗುಲಿಗೆ ಸರಿಯುವ ಈ ಸಂಗತಿ ವಿಹಾರದ ದೋಣಿಗಳಲ್ಲಿ ಮತ್ತೆ ಬರುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿಗಳು ದಡದ ಕಾಡುಪ್ರಾಣಿಗಳನ್ನು ನೋಡಲು ಒಂದು ಕಡೆ ನುಗ್ಗಿದಾಗ ಎರಡಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ಪ್ರಯಾಣಿಕರು ಶಿಸ್ತು ಪಾಲಿಸಲಿಲ್ಲ ಎಂದು ಹೇಳುವವರು ಆಗಲೂ ಇದ್ದರು. ಜನ ಒಂದು ಬದಿಗೆ ಬಂದರೆ ಮಗುಚುವ ದೋಣಿ ಜನರನ್ನು ಹೊರಲು ಯೋಗ್ಯವೇ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದದ್ದು. ಹರಿಗೋಲಿನ ಅಂಬಿಗನಿಗೆ ಅದು ಗೊತ್ತಿತ್ತು. ಟಿಕೇಟು ಹರಿಯುವವನು ದಡದಲ್ಲೇ ಉಳಿಯುತ್ತಾನೆ.

ಕುಟುಂಬ ಎಂಬುದಕ್ಕೆ ಒಂದು ಸ್ವಭಾವವಿದೆ, ಅದು ಒಡೆಯಲು ಒಪ್ಪುವುದಿಲ್ಲ. ‘ನೀವು ಐವರು ಮುಂದಿನ ದೋಣಿಗೆ ಬನ್ನಿ’ ಎಂದರೆ ಯಾರೂ ಒಪ್ಪರು. ಅಜ್ಜಿ, ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯ ಹುಡುಗ ಎಲ್ಲರೂ ಒಂದೇ ದೋಣಿಗೆ ಬೇಕು. ದೋಣಿಯವನಿಗೂ ಅದೇ ಬೇಕು. ಮಕ್ಕಳು ಮಡಿಲಲ್ಲಿ ಕೂರುತ್ತಾರೆ, ಲೆಕ್ಕಕ್ಕೆ ಬರುವುದಿಲ್ಲ.

2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಮುಳುಗಿದ ವಿಹಾರದ ದೋಣಿ ಮೊದಲು ಮೀನುಗಾರಿಕೆಯದಾಗಿತ್ತು. ಅದನ್ನೇ ಬದಲಿಸಿ ಎರಡಂತಸ್ತು ಮಾಡಿದ್ದರು, ಮಿತಿ ಮೀರಿ ಜನರನ್ನು ಹತ್ತಿಸಿಕೊಂಡಿದ್ದರು. ಶಾಲೆಗೆ ರಜೆ, ಭಾನುವಾರ. ಸತ್ತವರು 22 ಮಂದಿ, ಅವರಲ್ಲಿ ಹನ್ನೊಂದು ಜನ ಒಂದೇ ಮುಸ್ಲಿಮ್ ಕುಟುಂಬದವರು. ಆ ರಾತ್ರಿಯೂ ರಕ್ಷಣೆಗೆ ನೀರಿಗಿಳಿದವರು ಇನ್ನೆಷ್ಟು ಹೊತ್ತು ಹುಡುಕಬೇಕೆಂದು ತಿಳಿಯದೆ ದಡದಲ್ಲಿದ್ದವರನ್ನು ಕೇಳಬೇಕಾಯಿತು, ದೋಣಿಯಲ್ಲಿ ಎಷ್ಟು ಮಂದಿ ಇದ್ದರು ಎಂದು. ಹೇಳಬಲ್ಲ ಪಟ್ಟಿ ಇರಲಿಲ್ಲ. ಸತ್ತವರಲ್ಲಿ ಬಹುಪಾಲು ಮಕ್ಕಳು.