ಬಾಕ್ಸಿಂಗ್: ವೃತ್ತಿಜೀವನದಲ್ಲಿ ಶೈಲಿಯ ಮಾರ್ಪಾಡು

ವಯಸ್ಸು, ಗಾಯ, ತೂಕದ ವಿಭಾಗ ಬದಲಾದಂತೆ ಬಾಕ್ಸರ್‌ಗಳು ತಮ್ಮ ಹೊಡೆತ, ರಕ್ಷಣೆ ಮತ್ತು ಕಾಲ್ಚಳಕವನ್ನು ತಿದ್ದಿಕೊಳ್ಳುವ ಕ್ರಮ. ಸಾಮಾನ್ಯವಾಗಿ ಮೊದಲು ಕುಂದುವುದು ಕಾಲಿನ ಚುರುಕು. ಹೊಡೆತದ ಬಲ ಬಹುಕಾಲ ಉಳಿಯುತ್ತದೆ. ಅಮೆರಿಕದ ಹೆವಿವೇಟ್ ಚಾಂಪಿಯನ್‌ಗಳಾದ ಮೊಹಮ್ಮದ್ ಅಲಿ (1942–2016) ಮತ್ತು ಜಾರ್ಜ್ ಫೋರ್‌ಮನ್ (1949–2025) ಇದಕ್ಕೆ ಶ್ರೇಷ್ಠ ನಿದರ್ಶನಗಳು.

ಅಲಿ

1964ರಲ್ಲಿ ಸೋನಿ ಲಿಸ್ಟನ್‌ರನ್ನು ಸೋಲಿಸಿ ಪಟ್ಟಕ್ಕೇರಿದಾಗ ಅಲಿಯವರ ಬಲವೆಲ್ಲ ಕಾಲಿನಲ್ಲಿತ್ತು. ಕೈಗಳನ್ನು ಕೆಳಗೆ ಇಳಿಬಿಟ್ಟು ರಿಂಗಿನ ತುಂಬ ಸುತ್ತುತ್ತ, ಹೊಡೆತ ಬಂದಾಗ ತಲೆಯನ್ನು ಹಿಂದಕ್ಕೆ ಸರಿಸಿಯೇ ಪಾರಾಗುತ್ತಿದ್ದರು. ವಿಯೆಟ್ನಾಂ ಯುದ್ಧಕಾಲದಲ್ಲಿ ಸೇನೆ ಸೇರಲು ನಿರಾಕರಿಸಿದ್ದಕ್ಕೆ 1967ರಿಂದ ಮೂರೂವರೆ ವರ್ಷ ರಿಂಗಿನಿಂದ ದೂರ ಉಳಿಯಬೇಕಾಯಿತು. 1970ರಲ್ಲಿ ಮರಳಿದಾಗ ಆ ವೇಗ ಇರಲಿಲ್ಲ. 1971ರಲ್ಲಿ ಜೋ ಫ್ರೇಜಿಯರ್ ಅಲಿಯವರಿಗೆ ಮೊದಲ ಸೋಲು ಉಣಿಸಿದರು.

1974ರ ಅಕ್ಟೋಬರ್ 30ರಂದು ಜೈರ್ ದೇಶದ ಕಿನ್ಶಾಸಾದಲ್ಲಿ ಎದುರಾದ ಅಂದಿನ ಚಾಂಪಿಯನ್ ಫೋರ್‌ಮನ್, ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದರು. ಅವುಗಳಲ್ಲಿ 37 ನಾಕೌಟ್. ಎರಡನೆಯ ಸುತ್ತಿನಿಂದ ಅಲಿ ಹಗ್ಗಕ್ಕೆ ಒರಗಿ, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು, ತೋಳು ಪಕ್ಕೆಗಳ ಮೇಲೆ ಏಟು ಬೀಳಲು ಬಿಟ್ಟರು. ನಡುನಡುವೆ ಚುರುಕಾಗಿ ತಿರುಗಿ ಹೊಡೆದರು. ಹೊಡೆದು ಹೊಡೆದು ಸುಸ್ತಾದ ಫೋರ್‌ಮನ್ ಎಂಟನೆಯ ಸುತ್ತಿನಲ್ಲಿ ಉರುಳಿದರು. ‘ರೋಪ್ ಎ ಡೋಪ್’ ಎಂದು ಹೆಸರಾದ ಈ ತಂತ್ರ ಪಟ್ಟವನ್ನು ಮರಳಿ ತಂದಿತು. ಆದರೆ ಏಟು ತಿಂದು ಗೆಲ್ಲುವ ಆಟಕ್ಕೆ ದೇಹ ಬೆಲೆ ತೆರುತ್ತದೆ. 1981ರಲ್ಲಿ ನಿವೃತ್ತರಾದ ಅಲಿಯವರಿಗೆ 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಪತ್ತೆಯಾದವು.

ಫೋರ್‌ಮನ್

ಯೌವನದಲ್ಲಿ ಫೋರ್‌ಮನ್ ಎದುರಾಳಿಯನ್ನು ಮೂಲೆಗೆ ಅಟ್ಟಿ ಬೀಸಿ ಬೀಸಿ ಹೊಡೆಯುತ್ತಿದ್ದರು. ಪಂದ್ಯ ಬೆಳೆದರೆ ದಣಿವೇ ಅವರ ಶತ್ರು. 1977ರಲ್ಲಿ ರಿಂಗ್ ತೊರೆದು ಧರ್ಮಬೋಧಕರಾದ ಅವರು ಹತ್ತು ವರ್ಷಗಳ ನಂತರ ಬೇರೆಯೇ ಬಾಕ್ಸರ್ ಆಗಿ ಮರಳಿದರು. ತೋಳುಗಳನ್ನು ಅಡ್ಡಡ್ಡ ಹೆಣೆದು ಮುಖ, ಎದೆ ಕಾಯುವುದು, ನಿಧಾನವಾಗಿ ಮುಂದೊತ್ತುವುದು, ಎಡಗೈಯ ನೇರ ಜ್ಯಾಬ್‌ನಿಂದ ದಾರಿ ಮಾಡಿಕೊಳ್ಳುವುದು ಹೊಸ ಕ್ರಮ. 1994ರ ನವೆಂಬರ್ 5ರಂದು ಅಂದಿನ ಚಾಂಪಿಯನ್ ಮೈಕೆಲ್ ಮೂರರ್ ವಿರುದ್ಧ ಅಂಕಗಳಲ್ಲಿ ಹಿಂದಿದ್ದರೂ ತಾಳ್ಮೆಗೆಡಲಿಲ್ಲ. ಹತ್ತನೆಯ ಸುತ್ತಿನಲ್ಲಿ ಬಲಗೈಯ ಗಿಡ್ಡ ಹೊಡೆತವೊಂದರಿಂದ ಪಂದ್ಯ ಮುಗಿಸಿ, 45ರ ವಯಸ್ಸಿನಲ್ಲಿ ಮತ್ತೆ ಚಾಂಪಿಯನ್ ಆದರು. ಅಂದು ಅವರ ಪಾಳಯದಲ್ಲಿದ್ದ ಏಂಜೆಲೊ ಡಂಡೀ ಕಿನ್ಶಾಸಾದಲ್ಲಿ ಅಲಿಯವರ ತರಬೇತುದಾರರಾಗಿದ್ದರು.

ಭಾರತ

48 ಕೆ.ಜಿ. ಮತ್ತು ಅದಕ್ಕಿಂತ ಕಡಿಮೆ ತೂಕದಲ್ಲಿ ವಿಶ್ವ ಪ್ರಶಸ್ತಿಗಳನ್ನು ಗೆದ್ದ ಮಣಿಪುರದ ಮೇರಿ ಕೋಮ್, 2012ರ ಲಂಡನ್ ಒಲಿಂಪಿಕ್ಸ್‌ಗಾಗಿ 51 ಕೆ.ಜಿ. ವಿಭಾಗಕ್ಕೆ ಏರಿದರು. ತಮಗಿಂತ ಎತ್ತರದವರನ್ನು ಎದುರಿಸಿ ಕಂಚು ಗೆದ್ದರು.

ಶೈಲಿ ಬದಲಿಸಿದವರಲ್ಲಿ ದೀರ್ಘಕಾಲ ಸುರಕ್ಷಿತವಾಗಿ ಆಡಿದವರು, ಕಡಿಮೆ ಏಟು ತಿನ್ನುವ ಕ್ರಮವನ್ನು ಕಲಿತವರೇ.