ಆ 550 ಆನೆಗಳನ್ನು ಎಣಿಸಿದವರು ಯಾರು?

ಇವತ್ತು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಹಿಂದಿನ ಒಂದು ವಿಡಿಯೋದಲ್ಲಿ, "ತಾಳೀಕೋಟೆ ಯುದ್ಧ ಸೋತ ಮೇಲೆ ವಿಜಯನಗರದ ಸಂಪತ್ತು 550 ಆನೆಗಳ ಮೇಲೆ ಹೊರಟಿತು" ಅಂತ ಕಣ್ಣಾರೆ ಕಂಡವನ ಹಾಗೆ ಹೇಳಿಬಿಟ್ಟಿದ್ದೆ. ನೋಡಿದ ಗೆಳೆಯರೊಬ್ಬರು ಫೋನ್ ಮಾಡಿ, "ಅಲ್ಲ ಮಾರಾಯ, ಎಣಿಸಿದವರು ಯಾರು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಆನೆಗಳು ನನ್ನ ತಲೆಗೆ ಹೊಕ್ಕಿದ್ದು ಕೆ. ಎನ್. ಗಣೇಶಯ್ಯನವರ 'ಕರಿಸಿರಿಯಾನ' ಕಾದಂಬರಿಯಿಂದ. ಹೈದರಾಬಾದಿಗೆ ಬಂದ ಹೊಸದರಲ್ಲಿ, ಆಫೀಸು ಮುಗಿಸಿ ರೂಮಿಗೆ ಬಂದು ಓದುತ್ತಿದ್ದೆ. ಆ ಕಡೆ 1565ರ ವಿಜಯನಗರ, ಈ ಕಡೆ ಇಂದಿನ ಹುಡುಕಾಟ. ಇನ್ನೊಂದೇ ಅಧ್ಯಾಯ ಅಂತ ಅಂದುಕೊಳ್ಳುತ್ತಲೇ ಬೆಳಗಾಗೋದು.

ಈ ರೀತಿಯ ಕಥೆಯಲ್ಲಿ ಒಂದು ಮೋಡಿ ಇದೆ ನೋಡಿ. ಇಂದಿನ ಪಾತ್ರಕ್ಕೆ ಒಂದು ಸುಳಿವು ಸಿಕ್ಕಿತು ಅಂದರೆ, ಅಂದಿನ ಘಟನೆ ಸಾಬೀತಾದ ಹಾಗೆ ನಮಗೆ ಅನಿಸಿಬಿಡುತ್ತೆ. ಆದರೆ ಅಂದನ್ನೂ ಇಂದನ್ನೂ ಬರೆದದ್ದು ಒಂದೇ ಪೆನ್ನು! ಇದು ಲೇಖಕರ ತಪ್ಪಲ್ಲ, ಅವರು ಕೊಟ್ಟದ್ದು ಕಾದಂಬರಿ. ಅದನ್ನು ಇತಿಹಾಸ ಅಂತ ಹಂಚಿದವನು ನಾನು.

ಸರಿ, 550ರ ಮೂಲ ಹುಡುಕಿದೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ 'ಎ ಫರ್‌ಗಾಟನ್ ಎಂಪೈರ್'ನಲ್ಲಿ ಈ ಸಂಖ್ಯೆ ಇದೆ. ಅಂದರೆ ಯುದ್ಧವಾಗಿ 335 ವರ್ಷಗಳ ಮೇಲೆ ಬಂದ ಪುಸ್ತಕ. ಅದರಲ್ಲೇ ಅನುವಾದವಾಗಿರುವ ಪಾಯೆಸ್ ಮತ್ತು ನುನಿಜ್ ಬರಹಗಳು ಯುದ್ಧಕ್ಕಿಂತ ದಶಕಗಳ ಹಿಂದಿನವು, ಅವರಿಬ್ಬರೂ ಈ ಪಲಾಯನಕ್ಕೆ ಸಾಕ್ಷಿಯಲ್ಲ. ರಾಮರಾಯನ ತಮ್ಮ ತಿರುಮಲ ಊರು ಬಿಟ್ಟು ಪೆನುಗೊಂಡೆಯಲ್ಲಿ ನೆಲೆ ಕಂಡುಕೊಂಡದ್ದು ನಿಜ. ಆದರೆ ಆನೆಗಳ ಲೆಕ್ಕವನ್ನು ನಾನು ಹೇಳಿದಷ್ಟು ಧೈರ್ಯವಾಗಿ ಹೇಳುವ ಹಾಗಿಲ್ಲ.

ಹುಡುಕುತ್ತಾ ಹೋದಾಗ ಸಿಕ್ಕ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ವಿಜಯನಗರದ ವಿರುದ್ಧ ನಿಂತ ಸುಲ್ತಾನರಲ್ಲಿ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನೂ ಒಬ್ಬ ತಾನೇ? ಇದೇ ಇಬ್ರಾಹಿಂ, ಅಣ್ಣನಿಗೆ ಹೆದರಿ ಓಡಿಬಂದಾಗ ಏಳು ವರ್ಷ ಆಶ್ರಯ ಕೊಟ್ಟದ್ದು ವಿಜಯನಗರ, ಅದೂ ರಾಮರಾಯನ ಆಸರೆಯಲ್ಲಿ. 1550ರಲ್ಲಿ ಪಟ್ಟಕ್ಕೆ ಬಂದ ಮೇಲೆ ತೆಲುಗು ಕವಿಗಳನ್ನು ಪೋಷಿಸಿದ. ಅವರು ಅವನನ್ನು 'ಮಲ್ಕಿಭರಾಮ' ಅಂತ ಕರೆದರು. ಉಂಡ ಮನೆಯ ಮೇಲೇ ಅವನು ದಂಡೆತ್ತಿ ಹೋದದ್ದು ಯಾಕೆ? ರಾಜ್ಯಗಳ ಲೆಕ್ಕಾಚಾರವೇ ಬೇರೆ. ರಾಮರಾಯನೂ ಒಬ್ಬ ಸುಲ್ತಾನನ ವಿರುದ್ಧ ಇನ್ನೊಬ್ಬನನ್ನು ಎತ್ತಿಕಟ್ಟುತ್ತಾ ಬಂದಿದ್ದ. ಖಳನಾಯಕ ಒಬ್ಬನೇ ಇದ್ದರೆ ಕಥೆ ಓಡುತ್ತೆ, ಇತಿಹಾಸದಲ್ಲಿ ಹಾಗೆ ಸಿಗಲ್ಲ.

ಆ ಇಬ್ರಾಹಿಮನ ಗೋರಿ ಗೋಲ್ಕೊಂಡ ಕೋಟೆಯ ಪಕ್ಕದಲ್ಲೇ ಇದೆ, ಗಚ್ಚಿಬೌಲಿಯ ನನ್ನ ಆಫೀಸಿಂದ ದೂರವೇನಲ್ಲ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದರೂ ಒಳಗೆ ಹೋಗಿರಲಿಲ್ಲ. ಕಳೆದ ಭಾನುವಾರ ಹೋಗಿಬಂದೆ. ಅಲ್ಲಿಗೆ ಕಳಿಸಿದ್ದೂ ಆ ಕಾದಂಬರಿಯೇ ಅಲ್ಲವೇ? ಹಾಗಾಗಿ ಥ್ರಿಲ್ಲರ್ ಬಿಡಿ ಅಂತ ನಾನು ಹೇಳಲ್ಲ. ಓದಿ, ನಿದ್ದೆ ಕೆಡಿಸಿಕೊಂಡೇ ಓದಿ. ಬೆಳಗಾದ ಮೇಲೆ ಮಾತ್ರ ಒಂದು ಪ್ರಶ್ನೆ ಕೇಳಿ: ಎಣಿಸಿದವರು ಯಾರು?

ಹಳೆಯ ವಿಡಿಯೋಗೆ ತಿದ್ದುಪಡಿ ಸೇರಿಸಿದ್ದೇನೆ. ಮತ್ತೆ ಸಿಗೋಣ.