ಗೇರುಪೆಟ್ಟಿಗೆಯೂ ಅದರ ಎಣ್ಣೆಯೂ

ಹಳೆಯ ಮೋಟಾರು ಕಾರಿನ ಅಡಿಯಲ್ಲಿ ಬೆಳಗಾಗುವಷ್ಟರಲ್ಲಿ ಮೂಡಿದ ಎಣ್ಣೆಯ ಕಲೆಯನ್ನು ಕಂಡೊಡನೆ ಅದನ್ನು ರೋಗವೆಂದು ನಿರ್ಣಯಿಸಿಬಿಡುವುದು ಇಂದಿನವರ ಅಭ್ಯಾಸ. ಆದರೆ ಆ ವಾಹನ ಯಾವ ಕಾಲದ್ದು, ಆ ಕಾಲದ ಯಂತ್ರಶಿಲ್ಪಿಗಳಿಗೆ ತೈಲವನ್ನು ತಡೆದು ನಿಲ್ಲಿಸುವ ಯಾವ ಉಪಾಯ ತಿಳಿದಿತ್ತು ಎಂಬುದನ್ನು ವಿಚಾರಿಸದೆ ಕೊಟ್ಟ ತೀರ್ಪು ಬಹುಮಟ್ಟಿಗೆ ತಪ್ಪಾಗುತ್ತದೆ. ಗೇರುಪೆಟ್ಟಿಗೆ ಸೋರುವುದು, ಗೇರು ಸುಲಭವಾಗಿ ಬೀಳದೆ ಕೈಗೆ ಎದುರು ನಿಲ್ಲುವುದು, ಇವೆರಡೂ ಹೆಚ್ಚುಕಡಿಮೆ ಮೋಟಾರಿನಷ್ಟೇ ಹಳೆಯ ದೂರುಗಳು. ಅಷ್ಟೇ ಅಲ್ಲದೆ ಪರಸ್ಪರ ನಂಟುಳ್ಳವು, ಏಕೆಂದರೆ ಒಂದಕ್ಕೆ ಮಾಡಿದ ಚಿಕಿತ್ಸೆಯೇ ಎಷ್ಟೋ ವೇಳೆ ಇನ್ನೊಂದಕ್ಕೆ ಕಾರಣವಾಗಿದೆ.

ಪ್ಯಾರಿಸ್ಸಿನ ಪನಾರ್ ಮತ್ತು ಲೆವಸ್ಸೋರ್ ಕಾರ್ಖಾನೆಯಲ್ಲಿ ಎಮಿಲ್ ಲೆವಸ್ಸೋರನು 1890ರ ದಶಕದ ಆರಂಭದಲ್ಲಿ ರೂಪಿಸಿದ ಗೇರುಗಳು ಒಂದರ ಮೇಲೊಂದು ಜಾರಿ ಬಂದು ಹಲ್ಲಿಗೆ ಹಲ್ಲು ಕೂಡುವಂಥವು. ಮೊದಲಿಗೆ ಅವಕ್ಕೆ ಪೆಟ್ಟಿಗೆಯೇ ಇರಲಿಲ್ಲ. ದಾರಿಯ ಧೂಳಿಗೂ ಮಳೆಗೂ ತೆರೆದುಕೊಂಡು, ಬಳಿದ ಗ್ರೀಸಿನ ಆಧಾರದಿಂದ ಅವು ತಿರುಗುತ್ತಿದ್ದವು. ಪಾತ್ರೆಯಿಲ್ಲದ ಮೇಲೆ ಸೋರುವುದೆಂತು? ಕೆಲವೇ ವರ್ಷಗಳಲ್ಲಿ ಚಕ್ರಗಳನ್ನು ಪೆಟ್ಟಿಗೆಯೊಳಗೆ ಮುಚ್ಚಿ ಎಣ್ಣೆಯಲ್ಲಿ ಮುಳುಗಿಸಿದಾಗ ಸಮಸ್ಯೆ ಹುಟ್ಟಿತು: ದಂಡವು ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ತಿರುಗುತ್ತಲೇ ಹಾಯಬೇಕು, ಆದರೆ ಅದು ಹಾಯುವ ರಂಧ್ರದಿಂದ ಎಣ್ಣೆ ಮಾತ್ರ ಹಾಯಬಾರದು. ಉಣ್ಣೆಯ ಫೆಲ್ಟು, ಚರ್ಮದ ಬಳೆ, ಬಿರಡೆಯ ಗ್ಯಾಸ್ಕೆಟ್ಟು, ಹೀಗೆ ಕೈಗೆ ಸಿಕ್ಕಿದುದನ್ನೆಲ್ಲ ಆ ಕಾಲದವರು ಪ್ರಯೋಗಿಸಿದರು. ಇವುಗಳ ಪೈಕಿ ಜಾಣತನದ್ದೆಂದರೆ, ದಂಡದ ಸುತ್ತ ಸ್ಕ್ರೂವಿನಂಥ ಸುರುಳಿಗೆರೆಯನ್ನು ಕೊರೆದು, ಯಂತ್ರ ತಿರುಗುವಷ್ಟು ಹೊತ್ತೂ ಹೊರಬರುವ ಎಣ್ಣೆಯನ್ನು ಆ ಗೆರೆಯೇ ಒಳಕ್ಕೆ ದೂಡುವಂತೆ ಮಾಡಿದ ಏರ್ಪಾಡು. ಅದರಲ್ಲಿ ಸವೆಯತಕ್ಕದ್ದೇನೂ ಇಲ್ಲ. ಆದರೆ ಯಂತ್ರ ನಿಂತೊಡನೆ ತಡೆಯೂ ಇಲ್ಲ. ಜರ್ಮನಿಯ ವೈನ್‌ಹೈಮಿನ ಫ್ರಾಯ್ಡೆನ್‌ಬರ್ಗ್ ಎಂಬ ಚರ್ಮ ಹದಮಾಡುವ ಸಂಸ್ಥೆಯಲ್ಲಿ ವಾಲ್ಟರ್ ಸಿಮ್ಮರನು 1930ರ ಆಸುಪಾಸಿನಲ್ಲಿ ಸಿದ್ಧಪಡಿಸಿದ ಆಯಿಲ್ ಸೀಲು ಮೊದಲು ಚರ್ಮದ್ದಾಗಿತ್ತು, ಬಳಿಕ ಕೃತಕ ರಬ್ಬರಿನದಾಯಿತು. ಇಂದು ನಾವು ಆಯಿಲ್ ಸೀಲೆಂದು ಅಂಗಡಿಯಲ್ಲಿ ಕೇಳುವುದು ಆ ವಂಶದ ವಸ್ತುವನ್ನೇ.

ಗೇರಿನ ಗಡಸುತನದ ಕಥೆ ಬೇರೆ ದಾರಿಯಲ್ಲಿ ನಡೆಯಿತು. ಲೆವಸ್ಸೋರನ ಚಕ್ರಗಳು ಸಮವೇಗಕ್ಕೆ ಬರದೆ ಕೂಡುತ್ತಿರಲಿಲ್ಲ. ಆದುದರಿಂದ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಎಂಜಿನ್ನಿನ ವೇಗವನ್ನು ಏರಿಸಿಯೋ ಇಳಿಸಿಯೋ ಗೇರು ಹಾಕುವ ವಿದ್ಯೆಯನ್ನು ಚಾಲಕನೇ ಕಲಿಯಬೇಕಾಗಿತ್ತು. ಅರ್ಲ್ ಥಾಂಪ್ಸನ್ ಎಂಬಾತನ ಸಿಂಕ್ರೋಮೆಷ್ ಏರ್ಪಾಡನ್ನು 1928ರಲ್ಲಿ ಕ್ಯಾಡಿಲ್ಯಾಕ್ ಸಂಸ್ಥೆ ತನ್ನ ಮುಂದಿನ ವರ್ಷದ ಕಾರುಗಳಲ್ಲಿ ಅಳವಡಿಸಿದ ಮೇಲೆ, ಶಂಕುವಿನಾಕಾರದ ಎರಡು ಲೋಹಗಳ ಘರ್ಷಣೆ ಆ ಕೆಲಸವನ್ನು ವಹಿಸಿಕೊಂಡಿತು. ಘರ್ಷಣೆ ಹುಟ್ಟಬೇಕಾದರೆ ಆ ಶಂಕುಗಳ ನಡುವಣ ಎಣ್ಣೆಯ ಪೊರೆ ಕ್ಷಣಮಾತ್ರದಲ್ಲಿ ಹರಿಯಬೇಕು. ಎಣ್ಣೆಯ ಗುಣಕ್ಕೂ ಗೇರಿನ ಸೌಲಭ್ಯಕ್ಕೂ ಅಲ್ಲಿಂದ ಗಂಟುಬಿತ್ತು.

ಮೋರಿಸ್ ಮೈನರ್ ಎಂಬ ಇಂಗ್ಲೆಂಡಿನ ಸಣ್ಣ ಕಾರಿನಲ್ಲಿ ಈ ಎರಡು ಕಥೆಗಳೂ ಒಂದೆಡೆ ಸೇರಿದುದನ್ನು ಕಾಣಬಹುದು. ಅಲೆಕ್ ಇಸಿಗೋನಿಸ್ ರೂಪಿಸಿದ ಈ ಕಾರು 1948ರಿಂದ 1972ರ ತನಕ 16 ಲಕ್ಷಕ್ಕೂ ಮಿಕ್ಕಿ ತಯಾರಾಯಿತು. 1956ರ ಬಳಿಕ ಬಂದ 948 ಸಿ.ಸಿ. ಮಾದರಿಯಲ್ಲಿ ಎಂಜಿನ್ನಿನ ಹಿಂತುದಿಯಲ್ಲಿಯೂ, ಅದಕ್ಕೆ ಎದುರಾಗಿರುವ ಗೇರುಪೆಟ್ಟಿಗೆಯ ಮುಂದುಗಡೆಯಲ್ಲಿಯೂ, ತೈಲವನ್ನು ತಡೆಯುವುದು ಸುರುಳಿಗೆರೆಯೇ ಹೊರತು ಆಯಿಲ್ ಸೀಲಲ್ಲ. ಇವೆರಡರ ನಡುವೆ, ಕ್ಲಚ್ಚಿರುವ ಗೂಡಿನ ತಳದಲ್ಲಿ, ಒಂದು ತೂತನ್ನು ಬಿಟ್ಟು ಅದರಲ್ಲಿ ಒಂದು ಸ್ಪ್ಲಿಟ್ ಪಿನ್ನನ್ನು ತೂಗಬಿಟ್ಟಿರುತ್ತಾರೆ. ತಿಳಿಯದವನು ಅದನ್ನು ಯಾರೋ ಮರೆತುಬಿಟ್ಟ ಪಿನ್ನೆಂದು ಭಾವಿಸಿ ಕಿತ್ತೆಸೆಯುವುದುಂಟು. ಅದು ಕಾರಿನ ಅಲುಗಾಟದಿಂದ ತಾನೂ ಅಲುಗಿ ತೂತು ಕೊಳೆಯಿಂದ ಕಟ್ಟಿಕೊಳ್ಳದಂತೆ ಕಾಯುತ್ತದೆ. ಒಂದೆರಡು ಹನಿ ಬರುವುದು ಸ್ವಾಭಾವಿಕವೆಂದೂ, ಬಂದುದು ಕ್ಲಚ್ಚಿನ ಫಲಕಕ್ಕೆ ತಗಲದೆ ನೆಲಕ್ಕೆ ಬೀಳಲೆಂದೂ ಕಾರನ್ನು ಕಟ್ಟಿದವರೇ ಎಣಿಸಿದ್ದರೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ತೊಟ್ಟಿಕ್ಕುವ ಕಾರನ್ನು ರೋಗಿಯೆನ್ನಬಾರದು. ಓಡುತ್ತಿರುವಾಗಲೂ ಸುರಿದು, ಏರಿನಲ್ಲಿ ಕ್ಲಚ್ಚು ಜಾರುವಂತೆ ಮಾಡುವುದನ್ನು ರೋಗಿಯೆನ್ನಬೇಕು.

ಬಿದ್ದ ಹನಿ ಎಂಜಿನ್ನಿನದೋ ಗೇರುಪೆಟ್ಟಿಗೆಯದೋ ಎಂಬುದನ್ನು ಈ ಕಾರಿನಲ್ಲಿ ಕಂಡುಹಿಡಿಯುವುದು ತುಸು ಸೂಕ್ಷ್ಮದ ಕೆಲಸ, ಏಕೆಂದರೆ ಎರಡಕ್ಕೂ ಹಾಕುವುದು ಎಂಜಿನ್ ಎಣ್ಣೆಯನ್ನೇ. ಬೆಂಕಿಯ ಸಂಪರ್ಕದಿಂದ ಕಪ್ಪಾಗಿದ್ದರೆ ಎಂಜಿನ್ನಿನದು, ಹೊನ್ನಬಣ್ಣ ಉಳಿದಿದ್ದರೆ ಗೇರಿನದು. ಆದರೆ ಎಂಜಿನ್ ಎಣ್ಣೆಯನ್ನು ಆಗತಾನೇ ಬದಲಿಸಿದ್ದರೆ ಈ ಪರೀಕ್ಷೆ ನಡೆಯದು. ಆಗ ಎರಡರ ಮಟ್ಟವನ್ನೂ ಗುರುತಿಟ್ಟುಕೊಂಡು, ಕೆಲದಿನ ಓಡಿಸಿ, ಯಾವುದು ಇಳಿಯಿತೆಂದು ನೋಡುವುದೇ ನಂಬಿಕೆಯ ಹಾದಿ. ಮಟ್ಟ ಮೀರಿ ತುಂಬಿದ ಪೆಟ್ಟಿಗೆ ಯಾವ ದೋಷವಿಲ್ಲದೆಯೂ ಸೋರುತ್ತದೆಂಬುದನ್ನೂ ನೆನಪಿಡತಕ್ಕದ್ದು.

ಸೋರುವುದನ್ನು ನಿಲ್ಲಿಸಲೆಂದು ಮಂದವಾದ ಎಣ್ಣೆಯನ್ನು ಸುರಿಯುವ ಪದ್ಧತಿಯೊಂದು ಗ್ಯಾರೇಜುಗಳಲ್ಲಿ ಬಳಕೆಗೆ ಬಂದಿತು. ಹಿಂದಿನ ಆಕ್ಸಲಿನ ಹೈಪಾಯ್ಡ್ ಗೇರುಗಳಿಗೆಂದೇ ಗಂಧಕದ ಅಂಶ ಬೆರೆಸಿ ಮಾಡಿದ ತೊಂಬತ್ತರ ದರ್ಜೆಯ ಮಂದ ಎಣ್ಣೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿತ್ತು. ಅದನ್ನು ಗೇರುಪೆಟ್ಟಿಗೆಗೂ ಹಾಕಿದರು. ಸೋರಿಕೆ ಕಡಮೆಯಾಯಿತು, ಆದರೆ ಚಳಿಯ ಬೆಳಗ್ಗೆ ಶಂಕುಗಳ ನಡುವಣ ಪೊರೆ ಹರಿಯದೆ ಗೇರು ಕಿರುಗುಟ್ಟತೊಡಗಿತು. ಆ ಜಾತಿಯ ಕೆಲವು ತೈಲಗಳು ಹಿತ್ತಾಳೆ ಕಂಚುಗಳ ಭಾಗಗಳನ್ನು ತಿನ್ನುವುದೂ ಉಂಟು. ಯಜಮಾನನು ಪೆಟ್ಟಿಗೆಯೇ ಕೆಟ್ಟಿತೆಂದು ಅದನ್ನು ಬಿಚ್ಚಿಸಿದನು. ಕೆಟ್ಟದ್ದು ಡಬ್ಬಿಯ ಆಯ್ಕೆ.

ಎಣ್ಣೆ ಸರಿಯಿದ್ದೂ ಗೇರು ಬೀಳದಿದ್ದರೆ ಹಳೆಯ ಮೇಸ್ತ್ರಿಗಳು ಮೊದಲು ಎಂಜಿನ್ನನ್ನು ನಿಲ್ಲಿಸಿ ಗೇರು ಹಾಕಿ ನೋಡುತ್ತಿದ್ದರು. ನಿಂತಾಗ ಸುಲಭವಾಗಿ ಬಿದ್ದು, ಎಂಜಿನ್ ನಡೆಯುವಾಗ ಮಾತ್ರ ಎದುರು ನಿಂತರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂದರ್ಥ. ಮೈನರಿನಲ್ಲಿ ಪೆಡಲಿನಿಂದ ಕ್ಲಚ್ಚಿಗೆ ಹೋಗುವುದು ಕಬ್ಬಿಣದ ಕಡ್ಡಿಗಳಾದುದರಿಂದ, ಅವುಗಳ ಪಿನ್ನೂ ತೂತೂ ಸವೆದರೆ ಪಾದದ ಒತ್ತು ದಾರಿಯಲ್ಲೇ ಕರಗಿಹೋಗುತ್ತದೆ. ಎಂಜಿನ್ ನಿಂತಾಗಲೂ ಗಡುಸಾಗಿದ್ದರೆ ಮಾತ್ರ ಪೆಟ್ಟಿಗೆಯ ಕಡೆಗೂ ಗೇರು ಹಿಡಿಯ ಕಡೆಗೂ ನೋಡಬೇಕು. ಇನ್ನು ಮೊದಲನೆಯ ಗೇರಿಗೆ ಈ ಕಾರಿನಲ್ಲಿ ಸಿಂಕ್ರೋಮೆಷ್ ಇಲ್ಲವೇ ಇಲ್ಲ. ಕಾರು ಚಲಿಸುತ್ತಿರುವಾಗ ಅದು ಬೀಳಲೊಲ್ಲದೆಂದು ದೂರುವವನಿಗೆ ಬೇಕಾದದ್ದು ಲೆವಸ್ಸೋರನ ಕಾಲದ ವಿದ್ಯೆ, ಗ್ಯಾರೇಜಲ್ಲ.

ಇದೇ ಮೈನರ್ ವಂಶದ ಮೊದಲಿನ ಮಾದರಿ ಬೇಬಿ ಹಿಂದುಸ್ತಾನ್ ಎಂಬ ಹೆಸರಿನಿಂದ ಬಂಗಾಳದ ಉತ್ತರಪಾರಾದಲ್ಲಿ ಸಿದ್ಧವಾಗಿ ನಮ್ಮ ರಸ್ತೆಗಳಿಗೂ ಬಂದಿತು. ಬಳಿಕ ಮೋರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿದ ಅಂಬಾಸಡರು 2014ರ ತನಕ ಅಲ್ಲಿಯೇ ತಯಾರಾಗುತ್ತಿತ್ತು. ಸ್ಟಿಯರಿಂಗ್ ಕಂಬಕ್ಕೆ ಗೇರು ಹಿಡಿಯಿದ್ದ ಅಂಬಾಸಡರುಗಳಲ್ಲಿ ಗೇರು ಸಿಕ್ಕಿಕೊಂಡಾಗ ಚಾಲಕರು ಬಾನೆಟ್ಟೆತ್ತಿ ಕಡ್ಡಿಗಳನ್ನು ಕೈಯಿಂದ ಬಿಡಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಅದೂ ಬುಷ್ಷುಗಳ ಸವೆತವೇ, ಪೆಟ್ಟಿಗೆಯ ದೋಷವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸೀಲನ್ನೋ ಬುಷ್ಷನ್ನೋ ಹುಡುಕಹೊರಡುವ ಹಳೆಯ ಕಾರಿನ ಒಡೆಯರಲ್ಲಿ ನನ್ನ ವಿನಂತಿ ಇಷ್ಟು: ತಯಾರಕರ ಕೈಪಿಡಿಯನ್ನು ಓದಿ ಗೇರುಪೆಟ್ಟಿಗೆಗೆ ಯಾವ ಎಣ್ಣೆಯನ್ನು ಹೇಳಿದೆಯೋ ಅದನ್ನೇ ಹೇಳಿದ ಮಟ್ಟಕ್ಕೆ ಹಾಕಿಸಿರಿ, ಕ್ಲಚ್ಚಿನ ಕಡ್ಡಿಗಳನ್ನು ನೋಡಿಸಿರಿ, ಪೆಟ್ಟಿಗೆಯನ್ನು ಇಳಿಸುವ ಮಾತು ಅದಾದ ಮೇಲೆ ಬರಲಿ.